ಮನೆಯ ಎತ್ತರ, ಊರಿನ ಹರವು: ಬೆಂಗಳೂರನ್ನು ಕುರಿತ ಒಂದು ಅರ್ಥಶಾಸ್ತ್ರೀಯ ವಾದದ ವಿಮರ್ಶೆ

ಪಟ್ಟಣಗಳ ಅರ್ಥಶಾಸ್ತ್ರವನ್ನು ಕುರಿತು ಪಶ್ಚಿಮದೇಶಗಳಲ್ಲಿ ಬೆಳೆದಿರುವ ಸಾಹಿತ್ಯರಾಶಿಯಲ್ಲಿ ಕನ್ನಡನಾಡಿನ ಊರೊಂದು ಮುಖ್ಯ ನಿದರ್ಶನವಾಗಿ ಬರುವುದು ಅಪರೂಪ. ಆಲಾಂ ಬೆರ್ತೋ ಮತ್ತು ಜಾನ್ ಬ್ರೂಕ್ನರ್ ಎಂಬ ವಿದ್ವಾಂಸರು ಕಟ್ಟಡಗಳ ಎತ್ತರದ ಮೇಲಣ ನಿರ್ಬಂಧವನ್ನು ಕುರಿತು ಬರೆದ ಪ್ರಬಂಧವು ಅಂಥ ಅಪರೂಪದ ಒಂದು ಕೃತಿ. ಅದು 2004ರಲ್ಲಿ ವಿಶ್ವಬ್ಯಾಂಕಿನ ಪ್ರಬಂಧಮಾಲೆಯಲ್ಲಿ ಮೊದಲು ಹೊರಬಿದ್ದು, 2005ರಲ್ಲಿ ‘ರೀಜನಲ್ ಸೈನ್ಸ್ ಅಂಡ್ ಅರ್ಬನ್ ಎಕನಾಮಿಕ್ಸ್’ ಎಂಬ ಪತ್ರಿಕೆಯಲ್ಲಿ ಅಚ್ಚಾಯಿತು. ಬೆಂಗಳೂರಿನ ಲಕ್ಷಣಗಳನ್ನುಳ್ಳ ಒಂದು ನಗರದಲ್ಲಿ ಎತ್ತರದ ನಿರ್ಬಂಧದಿಂದ ಅಲ್ಲಿನ ಒಕ್ಕಲುಗಳಿಗೆ ಎಷ್ಟು ನಷ್ಟವಾಗುವುದೆಂಬುದನ್ನು ಲೆಕ್ಕ ಹಾಕಿ ತೋರಿಸುವುದು ಅದರ ಉದ್ದೇಶ. ಭಾರತದ ನಗರಗಳಲ್ಲಿ ಮನೆಗಳ ಕೊರತೆಯನ್ನು ಕುರಿತ ಚರ್ಚೆಗಳಲ್ಲಿ ಅದನ್ನು ಎತ್ತಿ ಹೇಳುವುದುಂಟು. ನಿಯಮವನ್ನು ಸಡಿಲಿಸಿದರೆ ಬಾಡಿಗೆ ಇಳಿಯುವುದೆಂದು ಹೇಳುವವರಿಗೆ ಅದು ಆಧಾರವಾಗಿದೆ. ಆದಕಾರಣ ಅದು ಏನನ್ನು ಸಾಧಿಸಿದೆ, ಏನನ್ನು ಸಾಧಿಸಿಲ್ಲ ಎಂಬುದನ್ನು ಪರಿಶೀಲಿಸುವುದು ಆವಶ್ಯಕ.

ವಾದದ ಬೇರು ಬಹಳ ಹಿಂದಿನದು. ಜರ್ಮನಿಯ ಫಾನ್ ಥ್ಯೂನನ್ ಎಂಬ ಜಮೀನುದಾರನು 1826ರಲ್ಲಿ, ಪೇಟೆಗೆ ಹತ್ತಿರವಾದ ಹೊಲಕ್ಕೆ ಗೇಣಿ ಹೆಚ್ಚೇಕೆ, ದೂರದ ಹೊಲಕ್ಕೆ ಕಡಮೆಯೇಕೆ ಎಂಬುದನ್ನು ಸಾಗಣೆಯ ವೆಚ್ಚದಿಂದ ವಿವರಿಸಿದನು. ವಿಲಿಯಂ ಅಲೋನ್ಸೊ 1964ರಲ್ಲಿ ಅದೇ ತತ್ತ್ವವನ್ನು ಮನೆಗಳಿಗೆ ಅನ್ವಯಿಸಿದನು. 1967ರಲ್ಲಿ ಮಿಲ್ಸನೂ 1969ರಲ್ಲಿ ಮೂತನೂ ಅದನ್ನು ಪೂರ್ಣಗೊಳಿಸಿದರು. ಈ ಸಂಪ್ರದಾಯದಲ್ಲಿ ಕಲ್ಪಿಸುವ ಊರು ಬಹಳ ಸರಳವಾದುದು. ನಡುವೆ ಒಂದು ಪೇಟೆ. ಎಲ್ಲರೂ ಕೆಲಸಕ್ಕೆ ಅಲ್ಲಿಗೇ ಹೋಗಬೇಕು. ಎಲ್ಲರ ವರಮಾನವೂ ಒಂದೇ. ಪೇಟೆಯ ಬಳಿಯಲ್ಲಿರುವವನಿಗೆ ಓಡಾಟದ ವೆಚ್ಚ ಕಡಮೆ, ಆದುದರಿಂದ ಅವನು ಹೆಚ್ಚು ಬಾಡಿಗೆಯನ್ನು ಕೊಡಬಲ್ಲನು. ಅಂಚಿನಲ್ಲಿರುವವನು ಓಡಾಟಕ್ಕೆ ಹೆಚ್ಚು ತೆರುವುದರಿಂದ ಬಾಡಿಗೆಗೆ ಕಡಮೆ ಕೊಡುತ್ತಾನೆ. ನೆಲದ ಬೆಲೆ ಏರಿದಲ್ಲಿ ಕಟ್ಟುವವರು ನೆಲವನ್ನು ಮಿತವಾಗಿ ಬಳಸಿ ಮಹಡಿಯ ಮೇಲೆ ಮಹಡಿ ಏರಿಸುತ್ತಾರೆ. ಹೀಗೆ ನಡುವೆ ಎತ್ತರವಾಗಿಯೂ ಅಂಚಿನ ಕಡೆಗೆ ತಗ್ಗಾಗಿಯೂ ಇರುವ ಊರು ತಾನೇ ತಾನಾಗಿ ಏರ್ಪಡುತ್ತದೆ.

ಇಂಥ ಊರಿನಲ್ಲಿ ಸರ್ಕಾರದವರು ಒಂದು ಮಿತಿಯನ್ನು ಹಾಕಿದರೆ ಆಗುವುದೇನು? ಮಿತಿಯೆಂದರೆ ಸಾಮಾನ್ಯವಾಗಿ ಎಫ್.ಎ.ಆರ್. ಎಂದು ವ್ಯವಹಾರದಲ್ಲಿ ಕರೆಯುವ ಅನುಪಾತ. ಮುಂಬಯಿಯವರು ಇದನ್ನೇ ಎಫ್.ಎಸ್.ಐ. ಎನ್ನುತ್ತಾರೆ. ನಿವೇಶನದ ವಿಸ್ತೀರ್ಣಕ್ಕೆ ಎಷ್ಟು ಪಟ್ಟು ಕಟ್ಟಡವನ್ನು, ಎಲ್ಲ ಮಹಡಿಗಳನ್ನೂ ಕೂಡಿಸಿ, ಕಟ್ಟಬಹುದೆಂಬುದನ್ನು ಅದು ಹೇಳುತ್ತದೆ. 30 ಅಡಿಗೆ 40 ಅಡಿಯ ನಿವೇಶನವು 1,200 ಚದರಡಿ; ಅನುಪಾತವು 1.75 ಎಂದಿಟ್ಟುಕೊಂಡರೆ 2,100 ಚದರಡಿ, ಬೆಂಗಳೂರಿನ ಮೇಸ್ತ್ರಿಗಳ ಲೆಕ್ಕದಲ್ಲಿ 21 ಚದರ, ಕಟ್ಟಲು ಅನುಮತಿಯುಂಟು. ಬೆರ್ತೋ-ಬ್ರೂಕ್ನರರ ಪ್ರಮೇಯವು ಇಂತಿದೆ: ನಡುವೆ ಕಟ್ಟಲು ಬಿಡದ ಮನೆಗಳು ಎಲ್ಲಿಯಾದರೂ ಇರಲೇಬೇಕಷ್ಟೆ. ಜನಸಂಖ್ಯೆ ಅಷ್ಟೇ ಇರುವಾಗ ಊರು ಹೊರಕ್ಕೆ ಹರಡುತ್ತದೆ. ಅಂಚು ದೂರವಾದಷ್ಟೂ ಅಂಚಿನವನ ಓಡಾಟದ ವೆಚ್ಚ ಹೆಚ್ಚುತ್ತದೆ. ಅಂಚಿನವನಿಗೂ ನಡುವಿನವನಿಗೂ ಸುಖವು ಸಮನಾಗಿರಬೇಕೆಂಬ ನಿಯಮದಿಂದ, ಅಂಚಿನವನ ನಷ್ಟವು ಎಲ್ಲರ ನಷ್ಟವಾಗುತ್ತದೆ. ಬಾಡಿಗೆಯು ಊರಿನ ಎಲ್ಲ ಭಾಗಗಳಲ್ಲಿಯೂ ಏರುತ್ತದೆ. ಅಂಚಿನ ಒಕ್ಕಲಿನ ಪ್ರಯಾಣವೆಚ್ಚ ಎಷ್ಟು ಏರಿತೋ ಅದೇ ನಿರ್ಬಂಧದಿಂದಾದ ನಷ್ಟದ ಅಳತೆ.

ಈ ತರ್ಕದಲ್ಲಿ ಒಂದು ಸೊಗಸಿದೆಯೆಂಬುದನ್ನು ಒಪ್ಪಲೇಬೇಕು. ನಗರದ ನಡುವಿನ ಎತ್ತರವಾದ ಕಟ್ಟಡವೆಂದರೆ ಧನಿಕರ ವಿಲಾಸ, ಅದನ್ನು ತಡೆದರೆ ಬಡವನಿಗೇನೂ ನಷ್ಟವಿಲ್ಲ ಎಂಬ ಲೋಕಾಭಿಪ್ರಾಯವನ್ನು ಅದು ಬುಡಸಹಿತ ಅಲುಗಿಸುತ್ತದೆ. ಧನಿಕನಿಗೆ ಮಹಡಿ ಸಿಗದಿದ್ದರೆ ಅವನು ಊರು ಬಿಟ್ಟು ಹೋಗುವುದಿಲ್ಲ. ತನಗಿಂತ ಸ್ವಲ್ಪ ಬಡವನಾದವನ ಮನೆಯನ್ನು ಹೆಚ್ಚು ಬೆಲೆಗೆ ಕೊಳ್ಳುತ್ತಾನೆ. ಆ ಸ್ವಲ್ಪ ಬಡವನು ಮತ್ತೊಬ್ಬನನ್ನು ನೂಕುತ್ತಾನೆ. ನೂಕಾಟವು ಕೊನೆಗೆ ಆನೇಕಲ್ಲಿನ ರಾಗಿಹೊಲದಲ್ಲಿಯೋ ದೇವನಹಳ್ಳಿಯ ದ್ರಾಕ್ಷಿತೋಟದಲ್ಲಿಯೋ ನಿಲ್ಲುತ್ತದೆ. ಬೆಂಗಳೂರು ಉದ್ಯಾನನಗರವಾಗಿ ಉಳಿಯಬೇಕಾದರೆ ಮನೆಗಳು ತಗ್ಗಾಗಿರಬೇಕೆಂದು ವಾದಿಸಿದವರು, ಬಸವನಗುಡಿಯ ಮರಗಳನ್ನು ಉಳಿಸಿಕೊಂಡು ಅದಕ್ಕೆ ಹತ್ತರಷ್ಟು ತೋಟವನ್ನು ಊರಾಚೆ ಕಳೆದುಕೊಂಡರೇ ಎಂಬ ಪ್ರಶ್ನೆಯನ್ನು ಈ ಪ್ರಬಂಧವು ಅವರ ಮುಂದೆ ಇಡುತ್ತದೆ. ಅದಕ್ಕೆ ಉತ್ತರ ಹೇಳುವುದು ಸುಲಭವಲ್ಲ.

ಪ್ರಬಂಧಕ್ಕೆ ಸಾಮಾನ್ಯವಾಗಿ ಬರುವ ಆಕ್ಷೇಪವೊಂದುಂಟು: ಹೊಸ ಮನೆಗಳೆಲ್ಲ ದುಬಾರಿ ಮನೆಗಳು, ಅವು ಎಷ್ಟು ಏಳಲಿ, ಬಡವನ ಬಾಡಿಗೆಗೂ ಅವಕ್ಕೂ ಸಂಬಂಧವಿಲ್ಲ ಎಂಬುದು. ಈ ಆಕ್ಷೇಪವು ನಿಲ್ಲುವಂತಹುದಲ್ಲ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಬ್ರಾಟು, ಹರ್ಯುನೆನ್, ಸಾರಿಮಾ ಎಂಬವರು ಒಂದು ಹೊಸ ಮನೆಗೆ ಬಂದವರು ಬಿಟ್ಟ ಮನೆಗೆ ಯಾರು ಬಂದರು, ಅವರು ಬಿಟ್ಟ ಮನೆಗೆ ಯಾರು ಬಂದರು ಎಂದು ಸರಪಳಿಯನ್ನು ಹಿಡಿದು ಹೋಗಿ ನೋಡಿದರು. 2023ರಲ್ಲಿ ಅಚ್ಚಾದ ಅವರ ಲೆಕ್ಕದ ಪ್ರಕಾರ, ಊರಿನ ನಡುವೆ ಪೇಟೆಯ ಬೆಲೆಗೆ ಸಿಗುವ 100 ಹೊಸ ಮನೆಗಳು ಎದ್ದರೆ, ವರಮಾನದಲ್ಲಿ ಕೆಳಗಿನ ಅರ್ಧಕ್ಕೆ ಸೇರಿದ ಕೇರಿಗಳಲ್ಲಿ ಸುಮಾರು 60 ಮನೆಗಳು ತೆರವಾಗುತ್ತವೆ. ತೀರ ಕೆಳಗಿನ ಐದನೆಯ ಒಂದು ಪಾಲಿನ ಕೇರಿಗಳಲ್ಲಿಯೇ 29. ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ 2016ರಲ್ಲಿ ವಸತಿಯ ನೆಲದ ನಾಲ್ಕರಲ್ಲಿ ಮೂರು ಪಾಲಿನಷ್ಟಕ್ಕೆ ನಿಯಮವನ್ನು ಸಡಿಲಿಸಿದ ಮೇಲೆ ಮನೆಕಟ್ಟುವ ಕೆಲಸವು ಗಣನೀಯವಾಗಿ ಏರಿತೆಂದು ಗ್ರೀನವೇ-ಮೆಕ್‌ಗ್ರೆವಿ ಮತ್ತು ಫಿಲಿಪ್ಸ್ ತೋರಿಸಿದ್ದಾರೆ. ಪೂರೈಕೆಯು ಬೆಲೆಯನ್ನು ತಗ್ಗಿಸುವುದಿಲ್ಲವೆಂದು ಸಾರಾಸಗಟಾಗಿ ಹೇಳುವವರು ಇವಕ್ಕೆ ಸಮಾಧಾನ ಹೇಳಬೇಕಾಗುತ್ತದೆ.

ಆದರೆ ಅದೇ ಬಗೆಯ ಸಡಿಲಿಕೆಯು ಎಲ್ಲ ಕಡೆಯೂ ಅದೇ ಫಲವನ್ನು ಕೊಟ್ಟಿಲ್ಲ. ಅಮೆರಿಕದ ಶಿಕಾಗೋ ನಗರದಲ್ಲಿ 2013ರಲ್ಲಿಯೂ 2015ರಲ್ಲಿಯೂ ರೈಲುನಿಲ್ದಾಣಗಳ ಸುತ್ತ ನಿರ್ಬಂಧವನ್ನು ಸಡಿಲಿಸಿದರು. ನೆಲದ ಬೆಲೆ ಏರಿತು. ಹೊಸ ಮನೆಗಳಿಗೆ ಪರವಾನಗಿಗಳು ಐದು ವರ್ಷಗಳೊಳಗೆ ಹೆಚ್ಚಿದುದು ಕಾಣಲಿಲ್ಲವೆಂದು ಯೋನಾ ಫ್ರೀಮಾರ್ಕ್ ಬರೆದಿದ್ದಾನೆ. ಇವುಗಳೊಳಗೆ ವಿರೋಧವಿಲ್ಲ. ಕಟ್ಟುವ ಕೆಲಸವನ್ನು ತಡೆದಿರುವ ಸಂಗತಿಗಳು ಹಲವಿರುವಲ್ಲಿ ಒಂದನ್ನು ತೆಗೆದರೆ ಫಲವು ಆ ಒಂದರ ಬಿಗಿಯನ್ನು ಅವಲಂಬಿಸಿರುತ್ತದೆ. ಬಾವಿಗೆ ಹಗ್ಗ ಮೋಟಾಗಿರುವಾಗ ಹಗ್ಗವನ್ನು ಉದ್ದಮಾಡಿದರೆ ನೀರು ಬರುತ್ತದೆ. ಬಾವಿಯಲ್ಲಿ ನೀರೇ ಇಲ್ಲದಿರುವಾಗ ಹಗ್ಗವನ್ನು ದೂರಿ ಫಲವೇನು? ಆದುದರಿಂದ ಬೆಂಗಳೂರಿನ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ. ಅಲ್ಲಿ ನಿಜವಾಗಿ ಬಿಗಿದಿರುವ ಕಟ್ಟು ಯಾವುದು? ಅದು ಎತ್ತರದ ನಿಯಮವೆಂದು ಪ್ರಬಂಧವು ಗ್ರಹಿಸಿಕೊಂಡು ಮುಂದಕ್ಕೆ ಹೋಗುತ್ತದೆ. ಗ್ರಹಿಸಿಕೊಂಡುದು ಸಿದ್ಧವಾದಂತಾಗಲಿಲ್ಲ.

ಮೊದಲನೆಯದಾಗಿ, ನಿಯಮವು ಪಾಲನೆಯಾಗುವುದೆಂಬ ನಂಬಿಕೆ. ಸಿದ್ಧಾಂತದಲ್ಲಿ ಮಿತಿಯನ್ನು ಬರೆದೊಡನೆ ಕಟ್ಟಡವು ಮಿತಿಯಲ್ಲಿ ನಿಲ್ಲುತ್ತದೆ. ಬೆಂಗಳೂರಿನ ಬೀದಿಗಳಲ್ಲಿ ಹಾಗಿಲ್ಲ. 30-40ರ ನಿವೇಶನದಲ್ಲಿ ಸುತ್ತ ಬಿಡಬೇಕಾದ ಜಾಗವನ್ನು ನುಂಗಿ, ನಕ್ಷೆಯಲ್ಲಿ ಎರಡಿದ್ದ ಮಹಡಿಯನ್ನು ನಾಲ್ಕು ಮಾಡಿ, ಒಂದು ಅಂತಸ್ತಿನಲ್ಲಿ ಯಜಮಾನನು ತಾನಿದ್ದು ಮಿಕ್ಕವನ್ನು ಬಾಡಿಗೆಗೂ ಭೋಗ್ಯಕ್ಕೂ ಕೊಡುವುದು ಊರಿನ ವಾಡಿಕೆ. ಇದು ಅಲ್ಲೊಂದು ಇಲ್ಲೊಂದು ನಡೆಯುವ ತಪ್ಪಾಗಿದ್ದರೆ ಅದಕ್ಕಾಗಿ ಕಾನೂನನ್ನು ತಿದ್ದಬೇಕಾಗಿರಲಿಲ್ಲ. ‘ಅಕ್ರಮ-ಸಕ್ರಮ’ ಎಂದು ಹೆಸರಾದ ಯೋಜನೆಗೆ ಸರ್ಕಾರವು 2014ರಲ್ಲಿ ನಿಯಮಗಳನ್ನು ಹೊರಡಿಸಿ, ವಾಸದ ಕಟ್ಟಡಗಳಲ್ಲಿ ನೂರಕ್ಕೆ 50ರವರೆಗಿನ ಉಲ್ಲಂಘನೆಯನ್ನು ದಂಡ ತೆಗೆದುಕೊಂಡು ಮನ್ನಿಸುವುದಾಗಿ ಹೇಳಿತು. ಸರ್ವೋಚ್ಚ ನ್ಯಾಯಾಲಯವು 2017ರ ಜನವರಿಯಲ್ಲಿ ಅದಕ್ಕೆ ತಡೆಯಾಜ್ಞೆಯನ್ನು ಕೊಟ್ಟಿತು. ಅರ್ಧಕ್ಕರ್ಧ ಮೀರಿದುದನ್ನು ಮನ್ನಿಸಲು ಸರ್ಕಾರವೇ ಮುಂದಾಗುವ ಊರಿನಲ್ಲಿ ಲಿಖಿತವಾದ ಮಿತಿಯೇ ನಿಜವಾದ ಮಿತಿಯೆಂದು ಹೇಗೆ ಹೇಳುವುದು? ಇಲ್ಲಿ ಒಂದು ಸೂಕ್ಷ್ಮವೂ ಉಂಟು. ಮಿತಿಯನ್ನು ಮೀರಲಾರದವನು ಬ್ಯಾಂಕಿನ ಸಾಲವನ್ನೂ ನಕ್ಷೆಯ ಮಂಜೂರಾತಿಯನ್ನೂ ನೆಚ್ಚಿಕೊಂಡು ನೂರಾರು ಮನೆಗಳನ್ನು ಒಟ್ಟಿಗೆ ಕಟ್ಟುವ ದೊಡ್ಡ ಗುತ್ತಿಗೆದಾರನು. ಮೀರುವವನು ಸಣ್ಣ ನಿವೇಶನದ ಒಡೆಯನು. ಬಾಡಿಗೆಯ ಮನೆಗಳ ಬಹುಭಾಗವನ್ನು ಊರಿಗೆ ಒದಗಿಸುತ್ತಿರುವವನು ಈ ಎರಡನೆಯವನೇ ಎಂಬುದು ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೆಲ್ಲ ತಿಳಿದ ಮಾತು. ಹಾಗಾದರೆ ನಿರ್ಬಂಧವು ನಿಜವಾಗಿ ಬಿಗಿಯುವುದು ಪೂರೈಕೆಯ ಒಂದು ಅಂಶವನ್ನು ಮಾತ್ರ; ಪ್ರಮೇಯವಾದರೋ ಅದನ್ನು ಪೂರೈಕೆಯೆಲ್ಲಕ್ಕೂ ಹಚ್ಚುತ್ತದೆ.

ಎರಡನೆಯದು ಮತ್ತೂ ಮುಖ್ಯವಾದುದು. ಪ್ರಮೇಯದಲ್ಲಿ ನೆಲವು ತಾನಾಗಿ ಒದಗುತ್ತದೆ. ಹೊಲದ ಗೇಣಿಗಿಂತ ಮನೆಯ ಬಾಡಿಗೆ ಹೆಚ್ಚಾದ ಕ್ಷಣದಲ್ಲಿ ಹೊಲವು ಬಡಾವಣೆಯಾಗಿ ಮಾರ್ಪಡುತ್ತದೆ. ನಡುವೆ ತಹಸೀಲ್ದಾರನಿಲ್ಲ, ನ್ಯಾಯಾಲಯವಿಲ್ಲ, ನೀರಿನ ಕೊಳವೆಯಿಲ್ಲ. ಬೆಂಗಳೂರಿನ ಚರಿತ್ರೆಯಲ್ಲಿ ಇದು ಎಂದೂ ನಡೆದಿಲ್ಲ. 1898ರ ಪ್ಲೇಗು ಪೇಟೆಯ ಇಕ್ಕಟ್ಟಾದ ಕೇರಿಗಳಲ್ಲಿ ಜನರನ್ನು ಬಲಿತೆಗೆದುಕೊಂಡ ಬಳಿಕ ಬಸವನಗುಡಿ, ಮಲ್ಲೇಶ್ವರಗಳು ನೆಲೆನಿಂತವು. ಅವನ್ನು ನೇರವಾದ ಅಗಲವಾದ ಬೀದಿಗಳನ್ನು ಮೊದಲು ಎಳೆದು, ನಿವೇಶನಗಳನ್ನು ಆಮೇಲೆ ಹಂಚಿ ಮಾಡಿದರು. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿಯ ಮಂಡಲಿ ಹುಟ್ಟಿತು. ಬೆಂಗಳೂರಿಗೆ ಅಂಥದು 1945ರಲ್ಲಿ ಬಂದಿತು. 1976ರ ಶಾಸನದಿಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಅದರ ಸ್ಥಾನವನ್ನು ಪಡೆಯಿತು. ರೈತನ ನೆಲವನ್ನು ಸ್ವಾಧೀನಪಡಿಸಿಕೊಂಡು, ಬೀದಿ ಚರಂಡಿಗಳನ್ನು ಮಾಡಿ, ನಿವೇಶನಗಳನ್ನು ಪೇಟೆಗಿಂತ ಕಡಮೆ ಬೆಲೆಗೆ ಅರ್ಜಿದಾರರಿಗೆ ಹಂಚುವುದು ಈ ಸಂಸ್ಥೆಗಳ ಪದ್ಧತಿ. ಊರು ಸಣ್ಣದಾಗಿರುವವರೆಗೆ ಪದ್ಧತಿಯು ನಡೆಯಿತು. ಆದರೆ 1941ರಲ್ಲಿ ಸುಮಾರು 4 ಲಕ್ಷವಿದ್ದ ಜನ 1951ಕ್ಕೆ 7.8 ಲಕ್ಷದಷ್ಟಾಗಿ, 2011ರ ಗಣತಿಯಲ್ಲಿ 84 ಲಕ್ಷವನ್ನು ದಾಟಿತು. ಅಂಥ ಬೆಳವಣಿಗೆಯೊಡನೆ ಓಡಲು ಪ್ರಾಧಿಕಾರಕ್ಕೆ ಆಗಲಿಲ್ಲ.

ಆಗದಿದ್ದುದಕ್ಕೆ ಒಂದೆರಡು ನಿದರ್ಶನಗಳು ಸಾಕು. ಅರ್ಕಾವತಿ ಬಡಾವಣೆಗೆ 2003ರಲ್ಲಿ ಪ್ರಾಥಮಿಕ ಅಧಿಸೂಚನೆಯಾಗಿ, 2004ರಲ್ಲಿ 2,750 ಎಕರೆಗಳಿಗೆ ಅಂತಿಮ ಅಧಿಸೂಚನೆ ಹೊರಟಿತು. ವ್ಯಾಜ್ಯವು ಉಚ್ಚ ನ್ಯಾಯಾಲಯದ ಮೂಲಕ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ ತೀರ್ಮಾನವಾದುದು 2010ರಲ್ಲಿ. ಆಮೇಲೆಯೂ ಯಾವ ಸರ್ವೆ ನಂಬರು ಒಳಗೆ, ಯಾವುದು ಹೊರಗೆ ಎಂಬ ಜಗಳ ಮುಗಿಯಲಿಲ್ಲ. ಡಾ. ಶಿವರಾಮ ಕಾರಂತರ ಹೆಸರನ್ನು ಹೊತ್ತ ಬಡಾವಣೆಗೆ 2008ರಲ್ಲಿ ಅಧಿಸೂಚನೆಯಾಯಿತು. ಅದು ರದ್ದಾಗಿ, ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಮತ್ತೆ ಜೀವ ತಳೆದುದು 2018ರಲ್ಲಿ. (ನೆಲದ ನ್ಯಾಯವನ್ನು ಕಾದಂಬರಿಗಳಲ್ಲಿ ಅಷ್ಟು ಕಟುವಾಗಿ ನೋಡಿದ ಲೇಖಕರ ಹೆಸರು ಇಂಥದೊಂದು ವ್ಯಾಜ್ಯಕ್ಕೆ ಅಂಟಿಕೊಂಡುದು ವಿಚಿತ್ರವೇ ಸರಿ.) ಈ ಹತ್ತು ಹದಿನೈದು ವರ್ಷಗಳ ಕಾಲ ನಿವೇಶನಕ್ಕೆ ಅರ್ಜಿ ಹಾಕಿದವರು ಎಲ್ಲಿದ್ದರು? ರೈತನಿಂದ ನೇರವಾಗಿ, ಭೂಪರಿವರ್ತನೆಯಿಲ್ಲದೆ, ನಕ್ಷೆಗೆ ಮಂಜೂರಾತಿಯಿಲ್ಲದೆ, ಗುಂಟೆಗಳ ಲೆಕ್ಕದಲ್ಲಿ ಒಡೆದು ಮಾರಿದ ರೆವಿನ್ಯೂ ನಿವೇಶನಗಳಲ್ಲಿದ್ದರು. ಅವರ ಮನೆಗಳನ್ನು ನಗರಪಾಲಿಕೆಯು ತೆರಿಗೆಗಾಗಿ ‘ಬಿ’ ವಹಿಯಲ್ಲಿ ಬರೆದುಕೊಂಡಿತು. ತೆರಿಗೆಗೆ ಅವು ಮನೆಗಳು. ನಕ್ಷೆಗೂ ಬ್ಯಾಂಕಿಗೂ ಅವು ಮನೆಗಳಲ್ಲ. ಊರಿನ ವಿಸ್ತಾರಕ್ಕೆ ದೊಡ್ಡ ಕಾರಣವಾದ ಈ ಸಂಗತಿಯು ಪ್ರಮೇಯದ ಯಾವ ಅಕ್ಷರದಲ್ಲಿಯೂ ಅಡಗಿಲ್ಲ. ನಡುವಿನ ಎತ್ತರವನ್ನು ತಡೆದುದರಿಂದ ಊರು ಹರಡಿತೆಂದು ಪ್ರಬಂಧ ಹೇಳುತ್ತದೆ. ಕ್ರಮವಾದ ನಿವೇಶನವು ಕಾಲಕ್ಕೆ ಸರಿಯಾಗಿ ಸಿಗದುದರಿಂದ ಊರು ಅಕ್ರಮವಾಗಿ ಹರಡಿತೆಂದು ಹೇಳುವುದಕ್ಕೂ ಅಷ್ಟೇ, ಬಹುಶಃ ಅದಕ್ಕಿಂತ ಹೆಚ್ಚಿನ, ಆಧಾರವಿದೆ. ಹರವು ಒಂದೇ, ಕಾರಣಗಳು ಎರಡು. ಹರವನ್ನು ಅಳೆದು ಅದರ ನಷ್ಟವನ್ನೆಲ್ಲ ಒಂದೇ ಕಾರಣದ ಲೆಕ್ಕಕ್ಕೆ ಬರೆಯುವುದು ಸರಿಯಾದ ಗಣಿತವೆನಿಸದು.

ರೆವಿನ್ಯೂ ಬಡಾವಣೆಯ ದೋಷವು ದಾಖಲೆಯಲ್ಲಿ ಮಾತ್ರ ಇದ್ದಿದ್ದರೆ ಒಂದು ಸರ್ಕಾರಿ ಆಜ್ಞೆಯಿಂದ ತೀರುತ್ತಿತ್ತು. ದೋಷವು ಬೀದಿಯಲ್ಲಿದೆ. ಮಾರುವವನಿಗೆ ಬೀದಿಯೆಂದರೆ ಮಾರಲಾಗದ ನೆಲ. ಆದುದರಿಂದ ಅವನು 15 ಅಡಿಯೋ 20 ಅಡಿಯೋ ಬಿಟ್ಟು ಕೈತೊಳೆದುಕೊಳ್ಳುತ್ತಾನೆ. ಅಂಥ ಬೀದಿಯಲ್ಲಿ ಹತ್ತು ಮಹಡಿಯ ಕಟ್ಟಡ ಎದ್ದರೆ ಬೆಂಕಿಯ ಗಾಡಿ ಒಳಗೆ ಬರಲಾರದು, ಚರಂಡಿ ತಾಳಲಾರದು. 2007ರಲ್ಲಿ ಅಂಗೀಕೃತವಾದ ಮಹಾಯೋಜನೆಯು ಕಟ್ಟಡದ ಅನುಪಾತವನ್ನು ಬೀದಿಯ ಅಗಲಕ್ಕೂ ನಿವೇಶನದ ವಿಸ್ತೀರ್ಣಕ್ಕೂ ತಳಕುಹಾಕಿ, ಅಗಲವಾದ ಬೀದಿಯ ಮೇಲಣ ದೊಡ್ಡ ನಿವೇಶನಕ್ಕೆ 3.25ರವರೆಗೆ ಅವಕಾಶಕೊಟ್ಟುದು ಈ ಕಾರಣದಿಂದಲೇ. ಹೀಗಿರುವಲ್ಲಿ ಅನುಪಾತವನ್ನು ಕಾಗದದ ಮೇಲೆ ಇಮ್ಮಡಿಸಿದರೂ, ಅಗಲವಾದ ಬೀದಿಯೇ ಇಲ್ಲದ ಕಡೆ ಅದನ್ನು ಬಳಸುವವನು ಯಾರು? ಎತ್ತರದ ನಿರ್ಬಂಧದ ಹಿಂದೆ ಬೀದಿಯ ನಿರ್ಬಂಧವು ಅಡಗಿದೆ. ಮುಂದಿನದನ್ನು ತೆಗೆದರೆ ಹಿಂದಿನದು ಬಿಗಿಯುತ್ತದೆ.

ನೀರಿನ ಕತೆಯೂ ಇದೇ. ಕಾವೇರಿಯನ್ನು ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ ಪಂಪುಗಳಿಂದ ಎತ್ತಿ ಬೆಂಗಳೂರಿಗೆ ತರಬೇಕು. 2007ರಲ್ಲಿ 110 ಹಳ್ಳಿಗಳನ್ನು ಮಹಾನಗರಪಾಲಿಕೆಗೆ ಸೇರಿಸಿದರು. ಅವುಗಳಿಗಾಗಿ ಯೋಜಿಸಿದ, ದಿನಕ್ಕೆ 77.5 ಕೋಟಿ ಲೀಟರು ನೀರಿನ ಕಾವೇರಿ ಐದನೆಯ ಹಂತವು ಉದ್ಘಾಟನೆಯಾದುದು 2024ರ ಅಕ್ಟೋಬರಿನಲ್ಲಿ. ನಡುವೆ ಹದಿನೇಳು ವರ್ಷ. ಅದೇ ವರ್ಷದ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನ ನೀರಿಗೆ ಹೊಸ ಬಡಾವಣೆಗಳ ಜನ ಪಟ್ಟ ಪಾಡು ಪ್ರಸಿದ್ಧವಾಗಿದೆ. ಇಲ್ಲಿ ಬೆರ್ತೋ ಪಕ್ಷದವರು ಒಂದು ಉತ್ತರವನ್ನು ಕೊಡಬಹುದು, ಅದು ಹಗುರವಾದುದೂ ಅಲ್ಲ: ಊರು ಒತ್ತಾಗಿದ್ದರೆ ಕೊಳವೆಯ ಉದ್ದ ಕಡಮೆಯಾಗುತ್ತಿತ್ತು, 110 ಹಳ್ಳಿಗಳಿಗೆ ನೀರನ್ನು ಹರಡುವ ಪ್ರಮೇಯವೇ ಇರುತ್ತಿರಲಿಲ್ಲ. ನಿಜ. ಆದರೆ ಅದು ಮೊದಲಿನಿಂದ ಊರನ್ನು ಕಟ್ಟುವವನಿಗೆ ಹೇಳುವ ಮಾತು. ಹರಡಿಯಾಗಿರುವ ಊರಿನಲ್ಲಿ ಹಳೆಯ ಕೊಳವೆಯ ಮೇಲೆ ಹೊಸ ಮಹಡಿಗಳನ್ನು ಹೇರುವ ವೆಚ್ಚವು ಬೇರೆ. ಆ ವೆಚ್ಚವನ್ನು ಅಂಚಿನವನ ಪ್ರಯಾಣದ ಉಳಿತಾಯದೊಡನೆ ತೂಗಿನೋಡಬೇಕಾಗಿತ್ತು. ನಿರ್ಬಂಧದಿಂದಾಗುವ ಲಾಭಗಳೇನಾದರೂ ಇದ್ದರೆ ಅವನ್ನು ಹೋಲಿಸಿನೋಡುವುದಕ್ಕೆ ತಮ್ಮ ಅಂಕಿಗಳು ಒಂದು ಒರೆಗಲ್ಲೆಂದು ಗ್ರಂಥಕರ್ತರು ವಿನಯದಿಂದಲೇ ಹೇಳಿದ್ದಾರೆ. ಅವರನ್ನು ಉದ್ಧರಿಸುವವರಲ್ಲಿ ಆ ವಿನಯವು ಉಳಿದಿಲ್ಲ.

ಬೆಂಗಳೂರಿಗೆ ಪೇಟೆಯು ಒಂದೇ ಎಂಬ ಕಲ್ಪನೆಯನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. 1809ರಲ್ಲಿ ದಂಡುಪ್ರದೇಶವು ನೆಲೆಗೊಂಡಂದಿನಿಂದ ಅದು ಎರಡು ನಡುಗಳ ಊರು. ಆಮೇಲೆ ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್, ಹೊರವರ್ತುಲ ರಸ್ತೆ ಹೀಗೆ ಕೆಲಸದ ತಾಣಗಳು ಅಂಚಿಗೇ ಹೋಗಿ ಕುಳಿತವು. ಯಲಹಂಕದಲ್ಲಿ ಮಲಗಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಮಾಡುವವನು ಊರನ್ನು ಅಡ್ಡವಾಗಿ ಸೀಳಿಕೊಂಡು ಹೋಗುತ್ತಾನೆ. ವೈಟ್‌ಫೀಲ್ಡಿನಲ್ಲಿಯೇ ಮನೆಮಾಡಿ ಅಲ್ಲಿಯೇ ದುಡಿಯುವವನಿಗೆ ಅಂಚೇ ನಡು. ಆಗ ನಷ್ಟವು ಲೆಕ್ಕಕ್ಕಿಂತ ಹೆಚ್ಚೂ ಆಗಿರಬಹುದು, ಕಡಮೆಯೂ ಆಗಿರಬಹುದು. ಅಂಚಿನವನ ಪ್ರಯಾಣವೆಚ್ಚವು ಅದಕ್ಕೆ ಅಳತೆಗೋಲಾಗದು ಎಂಬುದಂತೂ ಖಂಡಿತ.

ಇವೆಲ್ಲಕ್ಕಿಂತ ಆಳವಾದ ತೊಡಕು ‘ಬೇಡಿಕೆ’ ಎಂಬ ಶಬ್ದದಲ್ಲಿದೆ. ಅರ್ಥಶಾಸ್ತ್ರದಲ್ಲಿ ಬೇಡಿಕೆಯೆಂದರೆ ಕೈಯಲ್ಲಿ ಹಣವಿಟ್ಟುಕೊಂಡು ಕೇಳುವುದು. ಕೈಯಲ್ಲಿಲ್ಲದೆ ಬಯಸುವುದು ಅದರ ಲೆಕ್ಕಕ್ಕೆ ಬಾರದು. ಅಮಿತಾಭ್ ಕುಂಡೂರವರ ಅಧ್ಯಕ್ಷತೆಯ ತಾಂತ್ರಿಕ ಸಮಿತಿಯು 2012ರಲ್ಲಿ ಭಾರತದ ಪಟ್ಟಣಗಳಲ್ಲಿ 1.878 ಕೋಟಿ ಮನೆಗಳ ಕೊರತೆಯಿದೆಯೆಂದು ಅಂದಾಜುಮಾಡಿತು. ಅದರಲ್ಲಿ ನೂರಕ್ಕೆ 95ಕ್ಕೂ ಮಿಕ್ಕ ಪಾಲು ಬಡವರದು ಮತ್ತು ಅಲ್ಪವರಮಾನದವರದು. ಮಧ್ಯಮ ಮತ್ತು ಮೇಲಿನ ವರ್ಗಗಳ ಕೊರತೆ 8.2 ಲಕ್ಷ ಮಾತ್ರ. ಇನ್ನೊಂದು ಕಡೆ 2011ರ ಗಣತಿಯಲ್ಲಿ ಪಟ್ಟಣಗಳಲ್ಲಿ ಖಾಲಿಬಿದ್ದಿದ್ದ ಮನೆಗಳು ಸುಮಾರು 1.11 ಕೋಟಿ. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಖಾಲಿ ಮನೆಗಳನ್ನು ಹಂಚಿಬಿಟ್ಟರೆ ಅರ್ಧ ಕೆಲಸ ಮುಗಿಯಿತೆಂದು ಹೇಳುವ ಭಾಷಣಕಾರರುಂಟು. ಅದು ಅವಸರದ ಮಾತು. ಖಾಲಿಯಾದ ಮನೆಯು ಕೆಲಸವಿರುವ ಕಡೆ ಇರುವುದೆಂದು ಹೇಳುವಂತಿಲ್ಲ. ಕುಂಡೂ ಸಮಿತಿಯ ಕೊರತೆಯಲ್ಲಿಯೂ ಬೀದಿಯಲ್ಲಿ ಮಲಗುವವರದು ಅಲ್ಪಭಾಗ. ಸುಮಾರು ನೂರಕ್ಕೆ 80 ಪಾಲು ಇಕ್ಕಟ್ಟಿನದು. ಮನೆಯೇನೋ ಉಂಟು, ಮದುವೆಯಾದ ಮಗನಿಗೆ ಬೇರೆ ಕೋಣೆಯಿಲ್ಲ. ಹಳೆಯ ಬೆಂಗಳೂರಿನ ವಠಾರವನ್ನು ಕಂಡವರಿಗೆ ಇದನ್ನು ವಿವರಿಸಬೇಕಾದುದಿಲ್ಲ: ಒಂದು ಅಂಗಳ, ಒಂದು ನಲ್ಲಿ, ಸಾಲಾಗಿ ಆರೆಂಟು ಒಕ್ಕಲು.

ಈ ಇಕ್ಕಟ್ಟು ಪ್ರಮೇಯದಲ್ಲಿ ಕಾಣದು, ಯಾತಕ್ಕೆಂದರೆ ಅಲ್ಲಿ ಎಲ್ಲರ ವರಮಾನವೂ ಸಮ. ಹೆಲ್ಸಿಂಕಿಯ ಸರಪಳಿ ಬೆಂಗಳೂರಿನಲ್ಲಿಯೂ ಕೆಳಗಿನವರೆಗೆ ಬರುವುದೇ? ಮೊದಲನೆಯ ಕೊಂಡಿಯಲ್ಲಿಯೇ ಅದು ತುಂಡಾಗುವ ಸಂಭವವಿದೆ: ಹೊಸ ಮನೆಯನ್ನು ಕೊಂಡವನು ವಾಸಕ್ಕೆ ಬಾರದೆ, ಬಾಡಿಗೆಗೂ ಕೊಡದೆ, ಬಂಗಾರವನ್ನು ಪೆಟ್ಟಿಗೆಯಲ್ಲಿಟ್ಟಂತೆ ಬೀಗ ಹಾಕಿ ಇಡಬಹುದು. ಬಾಡಿಗೆಗೆ ಕೊಟ್ಟರೂ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಬೆಂಗಳೂರಿನ ಬಹುಕಾಲದ ರೂಢಿ. ತಿಂಗಳಿಗೆ 12,000 ರೂಪಾಯಿ ಬಾಡಿಗೆ ಕೊಡಬಲ್ಲ ಗಾರೆಕೆಲಸದವನು 1,20,000 ರೂಪಾಯಿಗಳನ್ನು ಒಮ್ಮೆಗೇ ಎಣಿಸಿಕೊಡಲಾರನು. ಬಾಡಿಗೆಯು ನೂರಕ್ಕೆ ಐದರಷ್ಟು ಇಳಿದರೆ ಅವನಿಗೆ ಬಾಗಿಲು ತೆರೆಯುವುದಿಲ್ಲ. 2021ರ ಮಾದರಿ ಬಾಡಿಗೆ ಶಾಸನವು ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಬೇಡವೆಂದಿತು, ಮಾದರಿಯು ಮಾದರಿಯೇ. ಮುಂಗಡದಂಥ ಅಲ್ಪವೆಂದು ತೋರುವ ರೂಢಿಗಳು ಪೂರೈಕೆಯ ಫಲವು ಯಾರಿಗೆ ತಲಪುವುದೆಂಬುದನ್ನು ನಿರ್ಧರಿಸುತ್ತವೆ. ಇದರಿಂದ ಪೂರೈಕೆ ಬೇಡವೆಂದಾಗಲಿಲ್ಲ. ಪೂರೈಕೆಯು ಹೆಚ್ಚಿದರೆ ಮಧ್ಯಮವರ್ಗದವನು ವಠಾರದ ಕಡೆಗೆ ನೂಕಲ್ಪಡುವುದು ನಿಲ್ಲುತ್ತದೆ. ಅದು ದೊಡ್ಡ ಲಾಭವೇ. ವಠಾರದವನನ್ನು ಅಲ್ಲಿಂದ ಎತ್ತುವ ಕೆಲಸವು ಬೇರೆ.

ಸಡಿಲಿಕೆಯ ಲಾಭವು ಯಾರ ಕೈಸೇರುತ್ತದೆಂಬುದೂ ವಿಚಾರಾರ್ಹ. ಒಂದೇ ಬೀದಿಯ ಒಂದೆರಡು ನಿವೇಶನಗಳಿಗೆ ಮಾತ್ರ ಹೆಚ್ಚು ಮಹಡಿಯ ಹಕ್ಕು ಬಂದರೆ ಆ ಹಕ್ಕಿನ ಬೆಲೆಯೆಲ್ಲ ನೆಲದೊಡೆಯನಿಗೆ ಸಲ್ಲುತ್ತದೆ. ಊರಿಗೆಲ್ಲ ಒಮ್ಮೆಗೇ ಬಂದರೆ ಅವರೊಳಗೆ ಪೈಪೋಟಿ ಹುಟ್ಟಿ ಬಾಡಿಗೆದಾರನಿಗೂ ಪಾಲು ಸಿಗುತ್ತದೆ. ಆಕ್ಲೆಂಡಿಗೂ ಶಿಕಾಗೋವಿಗೂ ಇರುವ ಭೇದವು ಬಹುಮಟ್ಟಿಗೆ ಇದೇ. ಮುಂಬಯಿಯಲ್ಲಿ 1964ರಲ್ಲಿ ಈ ಅನುಪಾತವನ್ನು ಜಾರಿಗೆ ತಂದಾಗ ನರೀಮನ್ ಪಾಯಿಂಟಿಗೆ 4.5 ಇತ್ತು, 1991ರಲ್ಲಿ ದ್ವೀಪನಗರಕ್ಕೆಲ್ಲ 1.33 ಎಂದು ಇಳಿಸಿ, ಅದೇ ನಿಯಮಾವಳಿಯಲ್ಲಿ ಕಟ್ಟುವ ಹಕ್ಕನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ವರ್ಗಮಾಡುವ ವ್ಯಾಪಾರಕ್ಕೂ ದಾರಿಮಾಡಿದರು. ಮಿತಿಯನ್ನು ಬಿಗಿಯಾಗಿ ಹಾಕಿ, ಮೀರುವ ಹಕ್ಕನ್ನು ಬೆಲೆಗೆ ಕೊಡುವ ಸರ್ಕಾರಕ್ಕೆ ಕೊರತೆಯೇ ಒಂದು ಆದಾಯವಾಗುತ್ತದೆ. ಅಂಥ ಸರ್ಕಾರವು ಮಿತಿಯನ್ನು ಧಾರಾಳವಾಗಿ ಸಡಿಲಿಸುವುದೆಂದು ನಿರೀಕ್ಷಿಸುವುದು, ಉಪ್ಪಿನ ವ್ಯಾಪಾರಿಯಿಂದ ಮಳೆಯ ಹಾರೈಕೆಯನ್ನು ನಿರೀಕ್ಷಿಸಿದಂತೆ.

ಬ್ರೂಕ್ನರ್ ಆಮೇಲೆ 2012ರಲ್ಲಿ, ಬೆಂಗಳೂರಿನ ಕಲಾ ಸೀತಾರಾಂ ಶ್ರೀಧರ್ ಅವರೊಡನೆ ಸೇರಿ, ಭಾರತದ ಹಲವು ನಗರಗಳನ್ನು ಹೋಲಿಸಿದ ಇನ್ನೊಂದು ಪ್ರಬಂಧವನ್ನು ಬರೆದನು. ಅನುಪಾತವು ಹೆಚ್ಚಾಗಿರುವ ನಗರಗಳ ವಿಸ್ತೀರ್ಣವು, ಮಿಕ್ಕ ಸಂಗತಿಗಳು ಸಮನಾಗಿರುವಾಗ, ಕಡಮೆಯೆಂದು ಅದರಲ್ಲಿ ಕಂಡುಬಂದಿದೆ. ಕಲ್ಪಿತವಾದ ಊರಿನಿಂದ ನಿಜವಾದ ಊರುಗಳಿಗೆ ಬಂದುದರಿಂದ ಇದು ಮೊದಲಿನದಕ್ಕಿಂತ ಗಟ್ಟಿಯಾದ ಕೃತಿ. ಎತ್ತರದ ನಿರ್ಬಂಧವು ಹರವಿಗೆ ಒಂದು ಕಾರಣವೆಂಬುದನ್ನು ಅದಾದ ಮೇಲೆ ಅಲ್ಲಗಳೆಯುವುದು ಕಷ್ಟ. ಬೆರ್ತೋ ಕೂಡ 2018ರಲ್ಲಿ ‘ಆರ್ಡರ್ ವಿತೌಟ್ ಡಿಸೈನ್’ ಎಂಬ ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಮನೆಗಳ ಎತ್ತರ, ಒತ್ತು ಮೊದಲಾದುವನ್ನು ಪೇಟೆಗೆ ಬಿಡಿ, ಬೀದಿಗಳ ಜಾಲವನ್ನೂ ಸಂಚಾರವ್ಯವಸ್ಥೆಯನ್ನೂ ಮುಂಚಿತವಾಗಿ ಎಳೆಯುವುದೇ ಯೋಜಕನ ಕೆಲಸ ಎಂಬುದು ಅದರ ಸಾರ. 2005ರ ಪ್ರಬಂಧದಲ್ಲಿ ಕಾಣದಿದ್ದ ಬೀದಿಯು ಇಲ್ಲಿ ಬಂದಿದೆ. ಪ್ರಬಂಧವನ್ನು ಉದ್ಧರಿಸುವವರು ಈ ಗ್ರಂಥವನ್ನೂ ಓದಿಕೊಂಡರೆ ಎಷ್ಟೋ ಚರ್ಚೆ ಉಳಿಯುತ್ತದೆ.

ಆದರೂ ಗ್ರಂಥದಲ್ಲಿ ಬೀದಿಯನ್ನು ಎಳೆಯಬೇಕೆಂಬ ಉಪದೇಶವು ಎಷ್ಟು ಸ್ಪಷ್ಟವೋ, ಒಡೆಯರು ಸಾವಿರಾರು ಮಂದಿಯಿರುವ ನೆಲದಲ್ಲಿ ಅದನ್ನು ಎಳೆಯುವ ಬಗೆಯು ಅಷ್ಟು ಸ್ಪಷ್ಟವಲ್ಲ. ಅದಕ್ಕೆ ಉಪಾಯವು ಈ ದೇಶದಲ್ಲಿಯೇ ಇದೆ. ಮುಂಬಯಿ ಪ್ರಾಂತದ 1915ರ ನಗರಯೋಜನಾ ಶಾಸನದ ಪದ್ಧತಿಯನ್ನು ಅಹಮದಾಬಾದು ಬಿಡದೆ ನಡೆಸಿಕೊಂಡು ಬಂದಿದೆ. ಅದರಲ್ಲಿ ನೆಲವನ್ನು ಯಾರಿಂದಲೂ ಕಸಿದುಕೊಳ್ಳುವುದಿಲ್ಲ. ಎಲ್ಲರ ಹೊಲಗಳನ್ನೂ ಒಂದು ನಕ್ಷೆಯಲ್ಲಿ ಕೂಡಿಸಿ, ಬೀದಿಗೂ ತೋಟಕ್ಕೂ ಬೇಕಾದಷ್ಟನ್ನು ಎಲ್ಲರ ಪಾಲಿನಿಂದಲೂ ಕಳೆದು, ಮಿಕ್ಕುದನ್ನು ಬೀದಿಯ ಮುಖವುಳ್ಳ ಚೌಕವಾದ ನಿವೇಶನವಾಗಿ ಅದೇ ಒಡೆಯನಿಗೆ ಹಿಂದಿರುಗಿಸುತ್ತಾರೆ. ರೈತನಿಗೆ ನೆಲ ಕಡಮೆಯಾಗುತ್ತದೆ, ಬೆಲೆ ಹೆಚ್ಚುತ್ತದೆ. ಬೆಂಗಳೂರಿನಲ್ಲಿ ನೆಲವನ್ನು ಪೂರ್ತಿಯಾಗಿ ಸ್ವಾಧೀನಪಡಿಸಿಕೊಂಡು, ಆಮೇಲೆ ಅಭಿವೃದ್ಧಿಪಡಿಸಿದುದರಲ್ಲಿ ನೂರಕ್ಕೆ 40 ಪಾಲನ್ನು ಒಡೆಯನಿಗೆ ಕೊಡುವುದಾಗಿ ಹೇಳುವ ಕ್ರಮವು ಬಂದರೂ, ಮೊದಲು ಕಿತ್ತುಕೊಂಡು ಅನಂತರ ಕೊಡುವ ವ್ಯವಹಾರದಲ್ಲಿ ರೈತನಿಗೆ ನಂಬಿಕೆ ಹುಟ್ಟಲಿಲ್ಲ. ವ್ಯಾಜ್ಯಗಳ ಸಂಖ್ಯೆಯೇ ಅದಕ್ಕೆ ಸಾಕ್ಷಿ. ಎತ್ತರದ ನಿಯಮದಿಂದ ಬೆಂಗಳೂರಿನ ಒಕ್ಕಲಿಗೆ ಇಷ್ಟು ನಷ್ಟವೆಂದು ಲೆಕ್ಕ ಸಿದ್ಧವಾಗಿದೆ. ಒಂದು ಬಡಾವಣೆಯು ಹದಿನೈದು ವರ್ಷ ನ್ಯಾಯಾಲಯದಲ್ಲಿ ನಿಂತರೆ ಅದೇ ಒಕ್ಕಲಿಗೆ ಎಷ್ಟು ನಷ್ಟವೆಂಬ ಲೆಕ್ಕವನ್ನು ಈ ಎರಡು ಪ್ರಬಂಧಗಳೂ ಹಾಕಿಲ್ಲ. ಅದನ್ನು ಹಾಕಲು ಬೇಕಾದ ಅಧಿಸೂಚನೆಗಳೂ ತೀರ್ಪುಗಳೂ ನೋಂದಣಿಯ ಕಚೇರಿಯ ಕ್ರಯಪತ್ರಗಳೂ ಬೆಂಗಳೂರಿನಲ್ಲಿಯೇ ಇವೆ.